ಅಡುಗೆಮನೆಯ ಕ್ಯಾಲೆಂಡರಿನ ಸೋಮವಾರ

ಹುರಿದ ಶೇಂಗಾವನ್ನು ಅಂಗೈಯಲ್ಲಿ ಉಜ್ಜಿ ಉಜ್ಜಿ, ಸಿಪ್ಪೆ ಊದುತ್ತ ಸೌಭಾಗ್ಯ ಮೊರದ ಮುಂದೆ ಕೂತಿದ್ದಳು. ಬಾಯಿಗೆ ಕೆಲಸವೆಂದರೆ ಅಷ್ಟೇ. ಪ್ರವಾಸಕ್ಕೆ ಚಟ್ನಿಪುಡಿ ಆಗಬೇಕಿತ್ತು. ಅವ್ವನೊಂದಿಗೆ ಮುಂಬೈ ಹತ್ತಿರದ ಡೊಂಬಿವಲಿಯ ಅಣ್ಣನ ಮನೆಗೆ ಬಂದಂದಿನಿಂದ ಪ್ರತಿ ಪ್ರವಾಸದ ಚಟ್ನಿಯನ್ನು ಕುಟ್ಟಿದವಳು ಅವಳೇ. ಪ್ರವಾಸಕ್ಕೆ ಮಾತ್ರ ಎಂದೂ ಹೋದವಳಲ್ಲ. ಅವ್ವ ಮಹಾದೇವಕ್ಕನಿಗೆ ಮೊಣಕಾಲು ನೋವು. ಜೊತೆಗೆ ಒಬ್ಬರು ಮನೆಯಲ್ಲಿ ಇರಲೇಬೇಕಿತ್ತು.

ಅಣ್ಣ ಸಿದ್ಧೇಶ್ವರ ಮಹಾಪೆಯ ಕಂಪನಿಯೊಂದರಲ್ಲಿದ್ದ. ಹೊಸ ವರ್ಷ ಹುಟ್ಟುವ ಮೊದಲೇ ಅವನೂ ಹೆಂಡತಿ ಪೂನಂ ಕೂಡ ಹಬ್ಬದ ಸೂಟಿಗಳನ್ನು ಶನಿವಾರ, ರವಿವಾರಕ್ಕೆ ಜೋಡಿಸುತ್ತ ಕೂಡುವರು. ಒಂದು ರಜೆ ಹಾಕಿದರೆ ನಾಲ್ಕು ದಿನವಾದರೂ ಕೈಗೆ ಸಿಗಬೇಕೆಂಬುದು ಅಣ್ಣನ ನೇಮ. ಸಿಗದಿದ್ದರೆ ಅವನು ರಜೆಯನ್ನು ಮುಟ್ಟುತ್ತಿರಲಿಲ್ಲ.

ಈ ಸಲ ಅವ್ವ ತಾನೂ ಸಮುದ್ರ ನೋಡಬೇಕೆಂದಳು.

"ಎರಡು ದಿನದಾಗ ಆಗೂದಿಲ್ಲವ್ವ," ಎಂದ ಅಣ್ಣ. " ನಿನ್ನ ಕರ್ಕೊಂಡು ನಿಂತು ನಿಂತು ಹೋಗಬೇಕು, ಮೂರು ದಿನ ಬೇಕು. ಸೌಭಾಗ್ಯಾ, ಸೂಟಿ ಯಾವಾಗ ಅದ ನೋಡು."

ಅಡುಗೆಮನೆಯಲ್ಲಿ ಅಮೃತಪ್ಪ ಕಾಕಾನ ಕಿರಾಣಿ ಅಂಗಡಿಯ ಕನ್ನಡ ಕ್ಯಾಲೆಂಡರ್ ತೂಗುತ್ತಿತ್ತು. ಅಮಾವಾಸ್ಯೆ ನೋಡಲೆಂದು ಅವ್ವ ವರ್ಷವರ್ಷವೂ ವಿಜಯಪುರದಿಂದ ತರಿಸುತ್ತಿದ್ದಳು. ಏಳನೆಯ ತರಗತಿಗೇ ಶಾಲೆ ಬಿಟ್ಟ ಸೌಭಾಗ್ಯ ಸಲೀಸಾಗಿ ಓದುತ್ತಿದ್ದುದು ಅದೊಂದನ್ನೇ.

"ಬಸವ ಜಯಂತಿ ಸೋಮವಾರ ಬಂದೈತಿ," ಎಂದಳು.

ಅಣ್ಣ ಇಣುಕಿದ. ಅಂಕಿ ಕೆಂಪಗಿತ್ತು. ವಿಜಯಪುರದಲ್ಲಿ ಶಾಲೆ ಕಲಿತವನಿಗೆ ಆ ಹಬ್ಬಕ್ಕೆ ಸೂಟಿ ಇಲ್ಲದಿರಬಹುದೆಂದು ಹೊಳೆಯಲೇ ಇಲ್ಲ. ನಿಂತ ಕಾಲ ಮೇಲೆಯೇ ಸಮುದ್ರದಂಡೆಯ ಹರಿಹರೇಶ್ವರದಲ್ಲಿ ಖೋಲಿ ಬುಕ್ ಮಾಡಿದ. "ನಾಲ್ಕು ಮಂದಿ," ಎಂದು ಅವನು ಫೋನಿನಲ್ಲಿ ಹೇಳಿದ್ದು ಸೌಭಾಗ್ಯಳ ಕಿವಿಗೆ ಬಿತ್ತು. ಅಂದೇ ಅವಳು ತನ್ನ ಹಳದಿ ಚೂಡಿದಾರವನ್ನು ಒಗೆದು, ಮಡಿಸಿ, ದಿಂಬಿನ ಕೆಳಗೆ ಇಟ್ಟಳು.

ಈಗ ಬಾಗಿಲು ತೆರೆಯಿತು. ಗಂಡಹೆಂಡಿರಿಬ್ಬರೂ ಒಟ್ಟಿಗೇ ಒಳಬಂದರು.

"ಸೋಮವಾರ ಬ್ಯಾಂಕ್ ಚಾಲೂ ಅದ," ಎಂದಳು ಠಾಣೆ ಊರಿನ ಬ್ಯಾಂಕಿನಿಂದ ಬಂದ ಪೂನಂ. "ಮ್ಯಾನೇಜರ್ ನಕ್ಕಬಿಟ್ಟ. ಕಸಲಿ ಸುಟ್ಟಿ, ಎಂಥಾ ಸೂಟಿ ಅಂದ."

"ನಮ್ಮ ಆಫೀಸೂ ಚಾಲೂನ. ಆ ಸೂಟಿ ಕರ್ನಾಟಕದ್ದು, ಮಹಾರಾಷ್ಟ್ರದಾಗ ಇಲ್ಲ," ಎಂದ ಅಣ್ಣ.

"ಬಸವಣ್ಣನ ಹಬ್ಬಕ್ಕ ಸೂಟಿ ಕೊಡಂಗಿಲ್ಲೇನು ಈ ಮಂದಿ?" ಎಂದಳು ಅವ್ವ.

"ನೋಡ್ರಿ ಅತ್ತಿ, ನಮ್ಮ ಸೌಭಾಗ್ಯಾ ಡೊಂಬಿವಲಿಯೊಳಗ ಕೂತು ವಿಜಯಪುರದ ಸೂಟಿ ಹುಡುಕ್ಯಾಳ!"

ಎಲ್ಲರೂ ನಕ್ಕರು. ಸೌಭಾಗ್ಯಳೂ ನಕ್ಕಳು. ಅಣ್ಣನೂ ನೋಡಿದ್ದನಲ್ಲ ಎಂದು ಅನ್ನಿಸಿತು. ಮತ್ತೊಂದು ಹಿಡಿ ಶೇಂಗಾ ಉಜ್ಜಿದಳು.

"ಖೋಲಿ ಅಂತೂ ಆಗೇದ," ಎಂದ ಅಣ್ಣ. "ನಾವಿಬ್ಬರು ಶನಿವಾರ ಹೋಗಿ ರವಿವಾರ ಬರ್ತೀವಿ. ಅವ್ವಗ ಅಷ್ಟರಾಗ ಆಗೂದಿಲ್ಲ."

"ಹೋಗ್ರಿ, ಹೋಗ್ರಿ. ನಮಗ ಮನೀನ ಛೊಲೊ," ಎಂದು ಅವ್ವ ಮೊಣಕಾಲು ನೀವಿಕೊಂಡಳು.

ನಮಗ ಎಂದರೆ ಯಾರು ಯಾರೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸೌಭಾಗ್ಯ ಮೊರವನ್ನು ಪಕ್ಕಕ್ಕೆ ಸರಿಸಿದಳು. ಮುಷ್ಟಿಯಲ್ಲಿ ಶೇಂಗಾ ಹಾಗೆಯೇ ಇತ್ತು. ಈ ಮನೆಯಲ್ಲಿ ಅವಳು ಇದುವರೆಗೆ ಏನನ್ನೂ ಬೇಡಿರಲಿಲ್ಲ.

"ಅಣ್ಣಾ, ಸೋಮವಾರ ಒಂದು ರಜಾ ಹಾಕು. ಮೂರು ದಿನ ಆಗತಾವ, ನಾವೂ ಬರ್ತೀವಿ."

ಅಣ್ಣ ಬೂಟು ಬಿಚ್ಚುತ್ತಲೇ ಇದ್ದ. ಪೂನಂ ನೀರು ಕುಡಿಯುತ್ತಲೇ ಇದ್ದಳು.