ಅಣ್ಣನ ಜೀಪಿನ ಮೀಟರ್

ಅಣ್ಣನ ಹಳೇ ಜೀಪು ಕೊಳ್ಳಲೆಂದು ಮೆಕ್ಯಾನಿಕ್ಕನನ್ನೂ ಕರೆದುಕೊಂಡು ಬಂದಿದ್ದ ದನದ ಡಾಕ್ಟರಮ್ಮ, ಅದರ ಬಾಗಿಲು ತೆರೆದವಳು ಹತ್ತದೆ ಅಲ್ಲೇ ನಿಂತುಬಿಟ್ಟಳು. ಆಯಿಲ್ ಬದಲಿಸಿದಾಗ ಗ್ಯಾರೇಜಿನವರು ಅಂಟಿಸುವ ಚೀಟಿಯೊಂದು ಬಾಗಿಲಿನ ಒಳಅಂಚಿನಲ್ಲಿತ್ತು. ಮೂರು ವರ್ಷದ ಹಿಂದಿನದು. ಆಗಲೇ ಎರಡು ಲಕ್ಷ ಎಂಬತ್ತು ಸಾವಿರ ಕಿಲೋಮೀಟರ್ ಓಡಿತ್ತೆಂದು ಬರೆದಿತ್ತು. ಮೀಟರ್ ಮಾತ್ರ ಒಂದು ಲಕ್ಷ ಹತ್ತು ಸಾವಿರ ತೋರಿಸುತ್ತಿತ್ತು.

ಅವಳ ಕಿವಿ ಬಿಸಿಯಾಯಿತು. ಗುಡ್ಡದ ಮೇಲಿನ ಕೊಟ್ಟಿಗೆಗಳಿಗೆ ಅವಳ ಸಣ್ಣ ಕಾರು ಹತ್ತುತ್ತಿರಲಿಲ್ಲ. ಹಿಂದಿನ ತಿಂಗಳು ಕಾರನ್ನು ಕೆಸರಲ್ಲೇ ಬಿಟ್ಟು, ಔಷಧಿ ಪೆಟ್ಟಿಗೆ ಹೊತ್ತು ನಡೆದು ತಲುಪುವಷ್ಟರಲ್ಲಿ ಕರು ತಾಯಿಯ ಹೊಟ್ಟೆಯಲ್ಲೇ ಸತ್ತಿತ್ತು. ಅದನ್ನು ಅಣ್ಣನ ಮುಂದೆ ಹೇಳಿಕೊಂಡು ಅತ್ತಿದ್ದಳು. ನನ್ನ ಫೋರ್‌ವೀಲ್ ಡ್ರೈವ್ ಜೀಪೇ ತಗೋ, ಹೆಚ್ಚು ಓಡಿಲ್ಲ ಎಂದು ಸಮಾಧಾನ ಹೇಳಿದವನು ಅವನೇ.

ಚೀಟಿ ತೋರಿಸಿದರೆ ಅಣ್ಣ ಮೊದಲು ನಕ್ಕ. ಗ್ಯಾರೇಜಿನವನು ತಪ್ಪು ಬರೆದಿರಬೇಕೆಂದ. ತಂಗಿ ಕಣ್ಣು ಕೀಳದೆ ನಿಂತಿರುವುದನ್ನು ಕಂಡು ದಾರಿಗೆ ಬಂದ.

"ನಿನಗೋಸ್ಕರ ಮಾಡಿಸಿದ್ದಲ್ಲ ಕಣೇ. ಹೊರಗಿನವರಿಗೆ ಮಾರೋಣ ಅಂತ ಮೀಟರ್ ಹಿಂದಕ್ಕೆ ತಿರುಗಿಸಿದ್ದೆ. ಅಷ್ಟರಲ್ಲಿ ನೀನು ಬಂದೆ."

"ನಾನು ಬಂದಾಗ ಹೇಳದೆ ಬಾಯಲ್ಲಿ ಏನಿಟ್ಟುಕೊಂಡಿದ್ದೆ?"

"ಹೇಳಿದ್ರೆ ನೀನು ತಗೋತಿದ್ಯಾ?"

"ತಗೋತಿದ್ದೆ. ನೀನು ಗಟ್ಟಿ ಇದೆ ಅಂದಿದ್ರೆ ಸಾಕಿತ್ತು ನನಗೆ."

ಇವರ ಜಗಳಕ್ಕೆ ಕಿವಿಗೊಡದೆ ಮೆಕ್ಯಾನಿಕ್ ಗಾಡಿಯ ಕೆಳಗೆ ತೂರಿದ್ದ. ಅರ್ಧ ಗಂಟೆ ತಟ್ಟಿ, ಕೆರೆದು ನೋಡಿದ. ಆಮೇಲೆ ಮನೆಯ ಹಿಂದಿನ ಕಲ್ಲು ದಿಬ್ಬ ಹತ್ತಿಸಿ ಇಳಿಸಿದ. ಕ್ಲಚ್ ಪ್ಲೇಟ್ ಸವೆದಿದೆ, ಅದು ಬಿಟ್ಟರೆ ಇಂಜಿನ್ ಗಟ್ಟಿ, ಅಡಿಯ ಚಾಸಿ ಚೌಕಟ್ಟಿಗೆ ತುಕ್ಕಿಲ್ಲ, ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ ಎಂದ.

ಅದನ್ನು ಕೇಳಿ ಅವಳ ಸಿಟ್ಟು ದುಪ್ಪಟ್ಟಾಯಿತು. ಇಷ್ಟು ಒಳ್ಳೆಯ ಗಾಡಿಗೆ ಸುಳ್ಳಿನ ಹಂಗೇನಿತ್ತು? ಬೇಡವೆಂದು ಮುಖಕ್ಕೆ ಹೊಡೆದ ಹಾಗೆ ಹೇಳುವ ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ದಿನ ತುಂಬಿದ ಹಸುಗಳು ಅವಳ ಸಿಟ್ಟು ಇಳಿಯಲೆಂದು ಕಾಯುವಂತಿರಲಿಲ್ಲ. ತೆಗೆದುಕೊಳ್ಳುತ್ತೇನೆ ಎಂದಳು. ಮೀಟರ್ ತಿರುಗಿಸಿದ್ದು ನಿಜವೆಂದೂ ಗಾಡಿ ಎಷ್ಟು ಓಡಿದೆಯೆಂದೂ ಮಾರಾಟದ ಕಾಗದದಲ್ಲಿ ಅಣ್ಣ ತನ್ನ ಕೈಯಾರೆ ಬರೆಯಬೇಕೆಂದಳು.

"ಒಡಹುಟ್ಟಿದವರ ಮಧ್ಯೆ ಇದೆಲ್ಲ ಯಾಕೆ?" ಎಂದ ಅಣ್ಣ.

"ಬೇಕಾಗಿರಲಿಲ್ಲ. ಬೇಕಾಗೋ ಹಾಗೆ ಮಾಡಿದ್ದು ನೀನು."

ಅವನು ತಲೆ ತಗ್ಗಿಸಿ ಬರೆದ. ಮೂರು ಲಕ್ಷ ನಲವತ್ತು ಸಾವಿರ ಕಿಲೋಮೀಟರ್. ಅತ್ತಿಗೆ ಊಟಕ್ಕೆ ಎಷ್ಟು ಕರೆದರೂ ಅವಳು ಹೊಸ್ತಿಲು ತುಳಿಯಲಿಲ್ಲ.

ವಾರದೊಳಗೆ ಗುಡ್ಡದಿಂದ ಕರೆ ಬಂತು. ಜೀಪು ಒಂದು ಕಡೆಯೂ ಹೂತುಕೊಳ್ಳದೆ ಹತ್ತಿತು. ಹಸುವಿನ ಹೊಟ್ಟೆಯಲ್ಲಿ ಅಡ್ಡವಾಗಿದ್ದ ಕರುವನ್ನು ಅವಳು ತಿರುಗಿಸಿ ಜೀವಂತವಾಗಿ ಹೊರಗೆಳೆದಳು. ಮೊಣಕೈವರೆಗೆ ತೊಳೆದುಕೊಳ್ಳುತ್ತಿದ್ದಾಗ ಅಣ್ಣನ ಫೋನು ಬಂತು. ಗಾಡಿ ಹೇಗಿದೆ, ಇನ್ನೂ ಕೋಪವೇ ಎಂದು ಮೆಲ್ಲಗೆ ಕೇಳಿದ.

"ಗಾಡಿ ಚೆನ್ನಾಗಿದೆ" ಎಂದಳು. ಅಷ್ಟೇ ಹೇಳಿ ಫೋನ್ ಇಟ್ಟಳು.