ಬೆನ್ನು ಮಾತ್ರ ಸಾಕು

ನಾಲ್ಕು ವರ್ಷ ನಮ್ಮ ಕನ್ನಡ ಸಂಘದ ನಾಟಕಗಳಲ್ಲಿ ನಾಯಕಿ ನಾನೇ. ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಗಲ್ಲಾದ ಹಿಂದೆ ಕೂರುವ ಅಣ್ಣು, ವರ್ಷಕ್ಕೊಂದು ಸಂಜೆ ಸೀರೆ ಉಟ್ಟು ರಂಗಕ್ಕೆ ಬಂದರೆ ಸಭೆ ಗಪ್‌ಚಿಪ್. ಹೋದ ವರ್ಷ ನಾನು ಅತ್ತಾಗ ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಮೂಗು ಒರೆಸಿಕೊಂಡದ್ದನ್ನು ಈ ಕಣ್ಣಾರೆ ಕಂಡಿದ್ದೇನೆ. ಹಾಗಾಗಿ, ನಮಗೆ ನಾಟಕ ಆಡಿಸುವ ಸತ್ಯಮೂರ್ತಿಯವರು ಈ ಸಲ ನಾಟಕವಲ್ಲ, ಸಿನಿಮಾ ತೆಗೆಯೋಣ ಎಂದ ದಿನವೇ ನಾನು ಕೂದಲು ಕತ್ತರಿಸುವುದನ್ನು ನಿಲ್ಲಿಸಿದೆ.

ಎರಡು ತಿಂಗಳಾದ ಮೇಲೆ ಅವರು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

"ಕ್ಯಾಮೆರಾಗೆ ಗಡ್ಡದ ನೆರಳು ಕಾಣತ್ತೆ ಕಣಯ್ಯ. ಗಂಟಲಿನ ಗಂಟು ಬೇರೆ. ನಾಟಕದಲ್ಲಾದ್ರೆ ದೂರದಿಂದ ನೋಡೋರು, ನಡೀತಿತ್ತು."

"ಮತ್ತೆ ಯಾರು ಮಾಡುವುದು?"

"ವನಮಾಲಾ ಅಂತ. ಆಂಟಾಪ್ ಹಿಲ್ ಹುಡುಗಿ, ಫೋರ್ಟಿನಲ್ಲಿ ಟೈಪಿಸ್ಟು. ನೀನೇ ಅವಳಿಗೆ ಒಂಚೂರು ಕಲಿಸ್ಕೊಡು."

ನಾನೇ ಕಲಿಸಬೇಕಂತೆ!

ಅವಳು ತಾಲೀಮಿಗೆ ಬಂದ ಮೊದಲ ದಿನ, ನಮ್ಮ ಹೋಟೆಲಿನ ಅಡುಗೆಯ ದೂಜ ಓಡಿಹೋಗಿ ಕುರ್ಚಿ ತಂದು ಹಾಕಿದ. ನಾಲ್ಕು ವರ್ಷದಲ್ಲಿ ನನಗೆ ಒಂದು ಸಲವಾದರೂ ತಂದಿದ್ದನೇ? ಅಳುವುದು ಹೇಗೆಂದು ನಾನು ಎದೆ ಬಡಿದುಕೊಂಡು, ಕಂಬಕ್ಕೆ ಒರಗಿ, ಪೂರಾ ಮೂರು ನಿಮಿಷ ತೋರಿಸಿದೆ. ಅವಳು ಸುಮ್ಮನೆ ನೆಲ ನೋಡಿದಳು. ಒಂದೇ ಒಂದು ಹನಿ ಕೆನ್ನೆಗೆ ಇಳಿಯಿತು. ಸತ್ಯಮೂರ್ತಿ "ಆಹಾ" ಎಂದರು. ಆ "ಆಹಾ" ನನ್ನದಾಗಬೇಕಿತ್ತು.

ಶೂಟಿಂಗ್ ಬೊರಿವಲಿಯಲ್ಲಿ. ಅಲ್ಲಿ ಸ್ಟೇಷನ್ನಿನಿಂದ ಅರ್ಧ ಗಂಟೆ ನಡೆದರೆ ಗದ್ದೆ, ಬಾವಿ, ಬೇವಿನ ಮರ ಎಲ್ಲ ಇದ್ದವು. ಅದೇ ನಮ್ಮ ಸಿನಿಮಾದ ಹಳ್ಳಿ. ಕ್ಯಾಮೆರಾ ಹಿಡಿಯುವವನು ಚೆನ್ನಯ. ಅಂಧೇರಿಯ ಸ್ಟುಡಿಯೋ ಒಂದರಲ್ಲಿ ಸಹಾಯಕನಾಗಿದ್ದ ಅವನು ಯಾರನ್ನೋ ಕಾಡಿ ಭಾನುವಾರದ ಮಟ್ಟಿಗೆ ಕ್ಯಾಮೆರಾ ತಂದಿದ್ದ, ಆರು ಗಂಟೆಯೊಳಗೆ ವಾಪಸು ಕೊಡಬೇಕು. ಫಿಲ್ಮೂ ಅಷ್ಟೇ, ದೊಡ್ಡ ಸಿನಿಮಾದವರು ಉಳಿಸಿದ ತುಂಡುಗಳು, ಒಂದೊಂದು ಒಂದೆರಡು ನಿಮಿಷದ್ದು. ಬೆಳಕು ಹಾಯಿಸಲು ದೂಜ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವನ್ನೆಲ್ಲ ಹಲಗೆಗೆ ಅಂಟಿಸಿ ತಂದಿದ್ದ. ಅದರ ಹೊಳಪಿಗೆ ಬೆದರಿದ ಎಮ್ಮೆಯೊಂದು ನಮ್ಮ ಇಡ್ಲಿ ಡಬ್ಬಿಯನ್ನು ತುಳಿದುಕೊಂಡು ಹೋಯಿತು. ನಾಯಕಿಯ ಗಂಡನ ಪಾತ್ರದವನು ಲೋಕಲ್‌ನಲ್ಲಿ ನಿದ್ದೆಹೋಗಿ, ಎಚ್ಚರವಾಗುವಷ್ಟರಲ್ಲಿ ಅದೇ ಗಾಡಿಯಲ್ಲಿ ಚರ್ಚ್‌ಗೇಟಿಗೆ ವಾಪಸಾಗಿದ್ದ. ಹನ್ನೆರಡಕ್ಕೆ ಬಂದ, ಚಪ್ಪಲಿ ಒಂದೇ ಕಾಲಲ್ಲಿತ್ತು.

ಮಧ್ಯಾಹ್ನ ಮುಖ್ಯ ದೃಶ್ಯ. ನಾಯಕಿ ಬಾವಿಯಿಂದ ಕೊಡ ಹೊತ್ತು ಮನೆಗೆ ನಡೆಯಬೇಕು. ಮೂರೇ ತುಂಡು ಫಿಲ್ಮು ಉಳಿದಿತ್ತು.

ವನಮಾಲಾ ತಾಮ್ರದ ಕೊಡವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ನಮ್ಮನೇಲಿ ನಲ್ಲಿ, ಅಣ್ಣು ಅವ್ರೇ. ಬಕೆಟ್ ಬಿಟ್ರೆ ನಂಗೇನೂ ಗೊತ್ತಿಲ್ಲ. ಎಷ್ಟು ತುಂಬಿಸ್ಲಿ?"

ನಾನು ಊರಲ್ಲಿ ಅಮ್ಮನ ಜೊತೆ ನೀರು ಹೊತ್ತವನು. ಹೊಸಬರು ಅರ್ಧ ತುಂಬಿಸಬೇಕು ಎಂದು ನನಗೆ ಗೊತ್ತಿತ್ತು.

"ಕಂಠಮಟ್ಟ ತುಂಬಿಸಿ," ಎಂದೆ. "ಇಲ್ಲದಿದ್ರೆ ಖಾಲಿ ಅಂತ ಗೊತ್ತಾಗ್ತದೆ."

ಐದು ಹೆಜ್ಜೆಗೆ ನೀರು ಸೀರೆಯ ಮೇಲೆ ಸುರಿಯಿತು. ಒಂದು ತುಂಡು ಹೋಯಿತು. ಎರಡನೇ ಸಲ ಕೊಡವೇ ಜಾರಿ ಗದ್ದೆಗೆ ಉರುಳಿತು. ಅದೂ ಹೋಯಿತು. ಒದ್ದೆ ಸೀರೆಯಲ್ಲಿ ನಿಂತು ಅವಳು, "ತಪ್ಪು ನಂದೇ ಸಾರ್, ಅಣ್ಣು ಅವ್ರು ಸರಿಯಾಗೇ ಹೇಳ್ಕೊಟ್ರು," ಎಂದಳು. ಅದನ್ನು ಕೇಳಿ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಒಳ್ಳೆಯವಳು ಎನ್ನಿಸಿಕೊಳ್ಳುವ ಪಾತ್ರವೂ ಇವಳಿಗೇ ಹೋಯಿತಲ್ಲ ಎಂದು ಇನ್ನಷ್ಟು ಹೊಟ್ಟೆ ಉರಿಯಿತು.

ಸತ್ಯಮೂರ್ತಿ ಬಾವಿಕಟ್ಟೆಯ ಮೇಲೆ ತಲೆ ಹಿಡಿದು ಕೂತರು. ಬಿಸಿಲು ಇಳಿಯುತ್ತಿತ್ತು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು.

"ಅಣ್ಣು, ಆ ಸೀರೆ ನೀನು ಉಟ್ಕೋ. ಹಿಂದಿನಿಂದ ತೆಗೆಯೋಣ. ಬೆನ್ನು ಮಾತ್ರ ಸಾಕು. ತಿರುಗಬೇಡ, ತಿಳೀತಾ? ಇದೇ ಕೊನೇ ತುಂಡು."

ವನಮಾಲಾ ಹುಲ್ಲುಮೆದೆಯ ಹಿಂದೆ ತನ್ನ ಸೀರೆ ಉಟ್ಟುಕೊಂಡು ಬಂದಳು. ಆ ಒದ್ದೆ ಸೀರೆಯನ್ನು ನಾನು ಉಟ್ಟೆ, ಸೆರಗು ಹೊದ್ದೆ, ಕೊಡವನ್ನು ಅರ್ಧ ತುಂಬಿಸಿ ಸೊಂಟಕ್ಕೇರಿಸಿದೆ. "ಹೂಂ," ಎಂದ ಚೆನ್ನಯ. ಕ್ಯಾಮೆರಾ ಕಿರ್ರೆಂದಿತು. ನಡೆದೆ. ಎಂಥ ನಡಿಗೆ! ಒಂದು ಹನಿ ಚೆಲ್ಲಲಿಲ್ಲ.

ನಾಟಕದಲ್ಲಿ ನಾಯಕಿ ಪರದೆಯ ಹಿಂದೆ ಹೋಗುವ ಮೊದಲು ಒಮ್ಮೆ ತಿರುಗಿ ಸಭೆಯನ್ನು ನೋಡಬೇಕು. ಚಪ್ಪಾಳೆ ಬೀಳುವುದೇ ಆಗ. ಬೇವಿನ ಮರದ ಹತ್ತಿರ ನನ್ನ ಕತ್ತು ತಾನೇ ತಿರುಗಿತು ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಅದು ಸುಳ್ಳು. ಇದೇ ಕೊನೆಯ ತುಂಡು, ಇನ್ನೊಂದಿಲ್ಲ, ಒಮ್ಮೆ ನನ್ನ ಮುಖ ಅದರೊಳಗೆ ಹೋದರೆ ಯಾರೂ ತೆಗೆಯಲಾರರು ಎಂದು ನಾಲ್ಕು ಹೆಜ್ಜೆ ಮೊದಲೇ ಲೆಕ್ಕ ಹಾಕಿದ್ದೆ. ತಿರುಗಿ, ನೇರ ಕ್ಯಾಮೆರಾಕ್ಕೆ ಮುಗುಳ್ನಕ್ಕೆ.

ಚೆನ್ನಯ ತುಳುವಿನಲ್ಲಿ ಬೈದದ್ದನ್ನು ಇಲ್ಲಿ ಬರೆಯಲಾಗದು. ಸತ್ಯಮೂರ್ತಿ ಮಾತ್ರ ಬೈಯಲಿಲ್ಲ. "ಸರಿ, ಗಂಟುಮೂಟೆ ಕಟ್ಟಿ," ಎಂದರು ಅಷ್ಟೇ. ನಾನು ಗೆದ್ದೆ ಎಂದುಕೊಂಡೆ.

ಹದಿನೈದು ದಿನದ ಮೇಲೆ ಚೆನ್ನಯನ ಸ್ಟುಡಿಯೋದ ಸಣ್ಣ ಕೋಣೆಯಲ್ಲಿ ಸೇರಿದೆವು. ಅವನು ಫಿಲ್ಮನ್ನು ಬೆಳಕಿಗೆ ಹಿಡಿದ.

"ಎಲ್ಲಿ ತಿರುಗ್ತಾನೆ?" ಎಂದರು ಸತ್ಯಮೂರ್ತಿ.

"ಇಕೊಳ್ಳಿ, ಇಲ್ಲಿಂದ."

ಕಚ್ ಎಂದು ಕತ್ತರಿ ಆಡಿತು. ಮೊಳದುದ್ದದ ನನ್ನ ಮುಖ ಬುಟ್ಟಿಗೆ ಬಿತ್ತು. ಅದೇ ದಿನ ಬೆಳಿಗ್ಗೆ ತೆಗೆದಿದ್ದ ಮುಂದಿನ ತುಂಡಿನಲ್ಲಿ ವನಮಾಲಾ ಹೊಸ್ತಿಲು ದಾಟಿ ಖಾಲಿ ಕೊಡ ಇಳಿಸುತ್ತಿದ್ದಳು. ಅವನು ಎರಡನ್ನೂ ಗೋಂದು ಹಚ್ಚಿ ಅಂಟಿಸಿದ. ಆಡಿದ್ದನ್ನು ಆಮೇಲೆ ಕತ್ತರಿಸಬಹುದೆಂದು ನಾಟಕದವನಿಗೆ ಹೇಗೆ ಗೊತ್ತಾಗಬೇಕು?

ಸಿನಿಮಾ ತೋರಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಸಂಘದ ಹಾಲಿನಲ್ಲಿ, ಪರದೆಗೆ ಬಿಳಿ ಪಂಚೆ ಕಟ್ಟಿ. ಬಾವಿಯ ದೃಶ್ಯ ಬಂದಾಗ ಉಸಿರಿನ ಸದ್ದೂ ಇರಲಿಲ್ಲ. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ದೀಪ ಹತ್ತಿದ್ದೇ ತಡ, ಆಂಟಾಪ್ ಹಿಲ್‌ನಲ್ಲಿ ವನಮಾಲಾಳ ಪಕ್ಕದ ಮನೆಯ ಪುಟ್ಟಲಕ್ಷ್ಮಮ್ಮ ಅವಳ ಕೈ ಹಿಡಿದರು.

"ಏನು ನಡಿಗೆಯೇ ಅದು! ಹುಟ್ಟಿದಾಗಿಂದ ನೀರು ಹೊತ್ತೋಳ ಹಾಗೆ!"

"ಅದು ನಾನಲ್ಲ ಅಮ್ಮ. ಅಣ್ಣು ಅವ್ರು."

"ಹೋಗೇ! ನೋಡ್ರೇ, ಎಷ್ಟು ಸಂಕೋಚ ಇವಳಿಗೆ!"

"ನಾನೇ ಅಮ್ಮ," ಎಂದು ನಡುವೆ ನುಗ್ಗಿದೆ. "ದೇವರಾಣೆ ನಾನೇ."

ಅವರು ನನ್ನ ಪ್ಯಾಂಟು, ಮೊನ್ನೆಯಷ್ಟೇ ಮಾಡಿಸಿದ ಕ್ರಾಪು ನೋಡಿ ನಕ್ಕರು. ನನಗೆ ತಡೆಯಲಾಗಲಿಲ್ಲ. ಮೂಲೆಯಲ್ಲಿ ಕುಡಿಯುವ ನೀರಿನ ಕೊಡವಿತ್ತು. ಅದನ್ನೇ ಎತ್ತಿ ಸೊಂಟಕ್ಕಿಟ್ಟು, ಜನರನ್ನು ಸರಿಸಿ, ಹಾಲಿನ ಈ ತುದಿಯಿಂದ ಆ ತುದಿಯವರೆಗೆ ನಡೆದೆ. ಅದೇ ನಡಿಗೆ. ಗೋಡೆಯ ಹತ್ತಿರ ತಿರುಗಿ ನಿಂತೆ.

"ಅಬ್ಬಬ್ಬಾ!" ಪುಟ್ಟಲಕ್ಷ್ಮಮ್ಮ ಕುಣಿಯುವುದೊಂದು ಬಾಕಿ. "ಥೇಟ್ ನಮ್ಮ ವನಮಾಲಾನೇ! ಎಷ್ಟು ಚೆನ್ನಾಗಿ ನಕಲು ಮಾಡ್ತಾನೆ!"

ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು, ಅವಳ ಕಡೆ ತಿರುಗಿ.

"ಎಂತ ಮಾರಾಯ," ಎಂದ ದೂಜ, ಖಾಲಿ ಲೋಟಗಳ ತಟ್ಟೆ ಹಿಡಿದು. "ಕೊಡ ಕೆಳಗಿಡು. ಜನಕ್ಕೆ ಕುಡಿಯಲು ನೀರು ಬೇಡವಾ?"