ಎದುರು ಬದಿಯ ನಟ್ಟು

ರಾಮದಾಸನ ಕೈಯಲ್ಲಿ ಇವತ್ತು ಸ್ಪ್ಯಾನರ್ ಇರಲಿಲ್ಲ. ಬಸ್ಸಿನ ಇಂಜಿನ್ನಿನ ಆಚೆ ಬದಿಯಲ್ಲಿ ಬರಿಗೈಯಲ್ಲಿ ನಿಂತು, ಈಚೆ ಬದಿಯ ಸುಬ್ರಾಯ ಒಬ್ಬನೇ ಹೆಡ್ಡಿನ, ಅಂದರೆ ಇಂಜಿನ್ನಿನ ಮೇಲ್ಮುಚ್ಚಳದ, ನಟ್ಟುಗಳನ್ನು ಬಿಗಿಯುವುದನ್ನು ನೋಡುತ್ತಿದ್ದ. ಸುಬ್ರಾಯ ಹಿಡಿದದ್ದು ಇಂಗ್ಲೆಂಡಿನಿಂದ ಹೊಸದಾಗಿ ತರಿಸಿದ ಉದ್ದನೆಯ ಟಾರ್ಕ್ ಸ್ಪ್ಯಾನರ್. ಎಳೆದ ಬಲಕ್ಕೆ ತಕ್ಕಂತೆ ಅದರ ಮುಳ್ಳು ಸರಿಯುತ್ತಿತ್ತು. ಗುರುತಿಗೆ ಬಂದಾಗ ಕೈ ನಿಲ್ಲಿಸಿದರೆ ಮುಗಿಯಿತು.

ಹೊಸ ಇಂಜಿನಿಯರರು ಪಕ್ಕದಲ್ಲೇ ಇದ್ದರು. ಒಬ್ಬನಿಂದಲೇ ಕೆಲಸ ಆಗುತ್ತದೆಂದು ಇವತ್ತು ಖಾತ್ರಿಯಾದರೆ ರಾಮದಾಸನಿಗೆ ವೆಲ್ಲೂರಿನ ಡಿಪೋಗೆ ವರ್ಗ. ಇಂಜಿನ್ ಸೋರಿದರೆ ಮೊದಲಿನಂತೆ ಇಬ್ಬರೂ ಇಲ್ಲೇ. ಬೆಳಿಗ್ಗೆಯೇ ಹಾಗೆಂದು ತಮಿಳಿನಲ್ಲಿ ಹೇಳಿಬಿಟ್ಟಿದ್ದರು.

ಮದ್ರಾಸಿನ ಈ ವರ್ಕ್‌ಶಾಪಿನಲ್ಲಿ ಹೆಡ್ ಕೂರಿಸುವುದೆಂದರೆ ಇದುವರೆಗೆ ಇಬ್ಬರ ಕೆಲಸ. ಎದುರುಬದುರು ನಿಂತು, ನಡುವಿನಿಂದ ಶುರುಮಾಡಿ ಅಂಚಿಗೆ ಹೋಗುತ್ತ, ಇವನೊಂದು ನಟ್ಟು ತಿರುಗಿಸಿದರೆ ಅವನು ಅದರ ಎದುರಿನದು. ಎರಡೂ ಕಡೆ ಒಂದೇ ಬಿಗಿ ಬರಬೇಕಲ್ಲ, ಮಾತಾಡುತ್ತಲೇ ಬಿಗಿಯಬೇಕು.

"ನಂದು ಕಚ್ಚಿತು, ನಿಂದು?" ಎಂದು ಸುಬ್ರಾಯ ಕೇಳುತ್ತಿದ್ದ.

"ಚೂರು ತಡೀರಿ ಮಾರಾಯ್ರೆ, ನಂದು ಇನ್ನೂ ತಿರುಗ್ತದೆ."

ಅದರ ನಡುವೆಯೇ ಉಡುಪಿಯ ಸುದ್ದಿ, ಹೋಟೆಲಿನ ನೀರು ಸಾಂಬಾರು, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುವ ರಾಮದಾಸನ ಮಗಳು ವಿಮಲಾ, ಎಲ್ಲ ಬಂದುಹೋಗುತ್ತಿದ್ದವು. ಸುಬ್ರಾಯನ ಹೆಂಡತಿ ಜಲಜಾಕ್ಷಿ ತೀರಿಕೊಂಡ ಮೇಲೆ ಸೌಕಾರ್‌ಪೇಟೆಯ ಕೋಣೆಯಲ್ಲಿ ಅವನಿಗೆ ಮಾತಿಗೆ ಯಾರೂ ಇರಲಿಲ್ಲ. ಮೊದಲೇ ಮುಖ ಗಂಟಿಕ್ಕಿಕೊಂಡಿರುವ ಆಸಾಮಿ, ಯಾರೂ ಮೇಲೆಬಿದ್ದು ಮಾತಾಡಿಸುವವರಲ್ಲ. ದಿನದ ಅವನ ಮಾತೆಲ್ಲ ಈ ಇಂಜಿನ್ನಿನ ಮೇಲೆಯೇ ಖರ್ಚಾಗುತ್ತಿತ್ತು.

ಕೊನೆಗೆ ಒಂದು ಮೂಲೆಯ ನಟ್ಟುಗಳು ಉಳಿದವು. ಇಂಜಿನಿಯರರು ಯಾರೊಡನೆಯೋ ಮಾತಿಗೆ ತಿರುಗಿದ್ದರು. ಮುಳ್ಳು ಗುರುತಿಗಿಂತ ಹಿಂದೆ ಇರುವಾಗಲೇ ಸುಬ್ರಾಯನ ಕೈ ನಿಂತಿತು. ಈ ಮೂಲೆ ಸಡಿಲವೇ ಉಳಿದರೆ ಇಂಜಿನ್ ಬಿಸಿಯಾದಾಗ ನೀರು ಜಿನುಗುತ್ತದೆ. ರಾಮದಾಸ ಎಲ್ಲಿಗೂ ಹೋಗುವುದಿಲ್ಲ. ಇಷ್ಟು ವರ್ಷಗಳಲ್ಲಿ ಸುಬ್ರಾಯ ಒಂದು ನಟ್ಟನ್ನೂ ಅರ್ಧಕ್ಕೆ ಬಿಟ್ಟವನಲ್ಲ. ಅವನಿಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ಆಸೆಯಾಯಿತು. ತಲೆಯೆತ್ತಿ ಎದುರಿಗೆ ನೋಡಿದ.

ರಾಮದಾಸನ ಕಣ್ಣು ಮುಳ್ಳಿನ ಮೇಲೇ ಇತ್ತು. ಅವನು ತಗ್ಗಿದ ದನಿಯಲ್ಲಿ, "ಇನ್ನು ಚೂರು ಉಂಟು. ಎಳೀರಿ," ಎಂದ.

ಸುಬ್ರಾಯ ಎಳೆದ.

ಇಂಜಿನ್ ಊಟದ ಹೊತ್ತಿನವರೆಗೂ ಓಡಿತು. ಇಂಜಿನಿಯರರು ಹೆಡ್ಡಿನ ಸುತ್ತ ಬೆರಳಾಡಿಸಿ ನೋಡಿ, ಸುಬ್ರಾಯನ ಬೆನ್ನು ತಟ್ಟಿ ಹೋದರು.

"ಒಂದು ಹನಿ ಇಲ್ಲ ನೋಡಿ," ಎಂದ ರಾಮದಾಸ, ತಾನೇ ಬಿಗಿದವನಂತೆ. ಕೊಳೆಯಾಗದ ಕೈಯನ್ನು ಹತ್ತಿಬಟ್ಟೆಗೆ ಒರೆಸಿಕೊಳ್ಳುತ್ತಿದ್ದ. "ವೆಲ್ಲೂರು ಎಂತ ದೂರ? ಒಂದು ಆದಿತ್ಯವಾರ ಬನ್ನಿ."

"ಬರ್ತೇನೆ," ಎಂದ ಸುಬ್ರಾಯ.

ಮರುವಾರ ರಾಮದಾಸ ವೆಲ್ಲೂರಿಗೆ ಹೋದ. ಕೆಲಸ ಬೇಗ ಮುಗಿಯತೊಡಗಿತು. ಒಂದು ಸಂಜೆ ಸುಬ್ರಾಯ ಪ್ಯಾರೀಸ್ ಕಾರ್ನರಿನಲ್ಲಿ ಬಸ್ಸಿಳಿದು ಚಹಾದಂಗಡಿಯ ಮುಂದೆ ನಿಂತ. "ಎನ್ನ ವೇಣುಂ?" ಏನು ಬೇಕೆಂದು ಅಂಗಡಿಯವನು ತಮಿಳಿನಲ್ಲಿ ಕೇಳಿದ. ಚಹಾ ಎನ್ನಲು ಅವನು ಬಾಯಿ ತೆರೆದ, ಸ್ವರ ಹೊರಡಲಿಲ್ಲ. ಬೆಳಗಿನಿಂದ ಅದು ಅವನ ಮೊದಲ ಮಾತು. ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಂಗಡಿಯವನು ಪಕ್ಕದವನ ಕಡೆ ತಿರುಗಿದ್ದ.